ಪುಟ್ಟ ಮನೆಗೆ ಮುರಕಲ್ಲಿನ ಗೋಡೆ

ಕೇಳುಗರಿಗೆ ನಮಸ್ಕಾರ.

ಮಾದರಿ ಮನೆಗಳಿಗೆಂದು ಸಿಗುವ ಅಚ್ಚಿನ ಹಾಳೆಗಳು ಹೆಚ್ಚಾಗಿ ಇಟ್ಟಿಗೆ ಗೋಡೆಯವು. ಕಾಸರಗೋಡಿನ ಹಳೆಯ ಮನೆಯನ್ನೋ ಶಾಲೆಯನ್ನೋ ಮಾಡಹೊರಟವರಿಗೆ ಬೇಕಾದದ್ದು ಮುರಕಲ್ಲು, ಅಂದರೆ ತೂತು ತೂತಾದ ಕೆಂಪು ಜಂಬಿಟ್ಟಿಗೆ ಕಲ್ಲು. ಅದನ್ನು ಕೈಯಾರೆ ಮಾಡಿಕೊಳ್ಳುವುದೇ ಒಳ್ಳೆಯದು.

1:72 ಪ್ರಮಾಣದಲ್ಲಿ, 36 ಸೆಂಟಿಮೀಟರ್ ಉದ್ದ, 18 ಸೆಂಟಿಮೀಟರ್ ಎತ್ತರದ ಕಲ್ಲು 5 ಮಿಲಿಮೀಟರ್ ಉದ್ದ, ಎರಡೂವರೆ ಮಿಲಿಮೀಟರ್ ಎತ್ತರ ಆಗುತ್ತದೆ. 3 ಮಿಲಿಮೀಟರ್ ದಪ್ಪದ ಸನ್‌ಬೋರ್ಡನ್ನು, ಅಂದರೆ ಹಗುರವಾದ ಪ್ಲಾಸ್ಟಿಕ್ ಹಲಗೆಯನ್ನು, 400 ನಂಬರಿನ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ. ನುಣುಪು ಹೋಗದಿದ್ದರೆ ಬಣ್ಣ ಹಿಡಿಯುವುದಿಲ್ಲ. ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಗೆರೆ ಒತ್ತಿ. ನೆಟ್ಟಗಿನ ಸಂದುಗಳು ಸಾಲಿನಿಂದ ಸಾಲಿಗೆ ಅರ್ಧ ಕಲ್ಲು ಸರಿಯಬೇಕು. ಕಲ್ಲಿನ ತೂತುಗಳಿಗೆ ತಂತಿ ಬ್ರಷ್ಷನ್ನು ನೇರವಾಗಿ ಕುಕ್ಕಿ, ಎಳೆಯಬೇಡಿ. ಎಳೆದರೆ ಗೋಡೆ ಮರದ ಹಲಗೆಯ ಹಾಗೆ ಕಾಣುತ್ತದೆ.

ಮೂಲಬಣ್ಣಕ್ಕೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಎರಡು ಪಾಲು, ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ ಒಂದು ಪಾಲು, ಜೊತೆಗೆ ಕುಂಚದ ತುದಿಯಷ್ಟು ಬಿಳಿ. ಚಿಕ್ಕ ವಸ್ತುವಿನ ಮೇಲೆ ಬಣ್ಣ ಗಾಢವಾಗಿ ಕಾಣುವುದರಿಂದ ಬಿಳಿ ಬೇಕೇ ಬೇಕು. ಒಣಗಿದ ಮೇಲೆ ಹತ್ತು ಕಲ್ಲಿಗೆ ಒಂದೆರಡನ್ನು ಹಳದಿಯತ್ತಲೋ ಕಂದಿನತ್ತಲೋ ತಿರುಗಿಸಿ, ಹೊಳಪಿಲ್ಲದ ಮ್ಯಾಟ್ ವಾರ್ನಿಶ್ ಹಚ್ಚಿ.

ಹೆಚ್ಚಿನ ಗೋಡೆಗಳು ಕೆಡುವುದು ಸಂದಿನ ಗಾರೆಯಲ್ಲಿ. ಒಂದು ಸೆಂಟಿಮೀಟರಿನ ಸಂದು ಇಲ್ಲಿ 0.14 ಮಿಲಿಮೀಟರ್ ಮಾತ್ರ. ಅಲ್ಲಿ ಅಚ್ಚ ಬಿಳಿ ತುಂಬಿದರೆ ಕಣ್ಣಿಗೆ ಬಲೆ ಮಾತ್ರ ಕಾಣುತ್ತದೆ, ಕಲ್ಲು ಕಾಣುವುದಿಲ್ಲ. ಮಣ್ಣಿನ ಗಾರೆಗೆ ತಿಳಿಕಂದು, ಸುಣ್ಣದ ಗಾರೆಗೆ ಮಾಸಿದ ಬೂದು. ಒಂದು ಪಾಲು ಬಣ್ಣಕ್ಕೆ ಆರೇಳು ಪಾಲು ನೀರು, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪಿನ ದ್ರವ. ಹರಿಯಬಿಟ್ಟು, ಬಟ್ಟೆ ಸುತ್ತಿದ ಬೆರಳಿನಿಂದ ಓರೆಯಾಗಿ ಒರಸಿ. ಸಂದಿನ ಗುಂಟ ಒರಸಿದರೆ ಗಾರೆಯೇ ಎದ್ದುಬರುತ್ತದೆ. ತೂತುಗಳಲ್ಲೂ ಬಣ್ಣ ಕೂತು ಗೋಡೆ ಬಿಳಿಚುವುದುಂಟು. ಆಗ ಮೂಲಬಣ್ಣವನ್ನೇ ಒಣಕುಂಚದಲ್ಲಿ, ಅಂದರೆ ಅದ್ದಿದ ಬಣ್ಣವನ್ನು ಬಹುಪಾಲು ಒರಸಿ ತೆಗೆದ ಕುಂಚದಲ್ಲಿ, ಮೇಲಿಂದ ಸವರಿ.

ಇನ್ನು ಹಳತಾಗಿಸುವುದು. ಎಲ್ಲೆಂದರಲ್ಲಿ ಕಪ್ಪು ಬಳಿದರೆ ಅದು ಹಳೆಯ ಗೋಡೆಯಲ್ಲ, ಕೊಳೆ ಗೋಡೆ. ನೀರು ಹೋಗುವ ದಾರಿ ನೋಡಬೇಕು. ನಮ್ಮ ಮಳೆ ಪಡುವಣದಿಂದ ಹೊಡೆಯುತ್ತದೆ, ಆದ್ದರಿಂದ ಪಡುಗೋಡೆಗೆ ಹಾವಸೆ, ಅಂದರೆ ಪಾಚಿ, ಹೆಚ್ಚು. ಹಂಚಿನ ಮಾಡಿನ ಸೂರಿನಡಿ ಕಲ್ಲು ಕೆಂಪಾಗಿಯೇ ಉಳಿಯುತ್ತದೆ. ಸೂರಿನ ನೀರು ಅಂಗಳಕ್ಕೆ ಬಿದ್ದು ಸಿಡಿಯುವ ಕೆಸರು ಗೋಡೆಯ ಬುಡದಲ್ಲಿ ಒಂದೂವರೆ ಅಡಿ, ಅಂದರೆ ಮಾದರಿಯಲ್ಲಿ 6 ಮಿಲಿಮೀಟರ್. ಮಾಡಿಲ್ಲದ ಆವರಣಗೋಡೆಗೆ ಕಪ್ಪು ಮೇಲಿನಿಂದ ಇಳಿಯುತ್ತದೆ. ಕಾಸರಗೋಡಿನ ಕಡಲ ತಡಿಯಲ್ಲಿರುವ, ಮುರಕಲ್ಲಿನದೇ ಆದ ಬೇಕಲ ಕೋಟೆಗೆ ಹೋದವರು ಸಮುದ್ರದ ಜೊತೆಗೆ ಗೋಡೆಗಳನ್ನೂ ಹತ್ತಿರದಿಂದ ನೋಡಿ ಬನ್ನಿ. ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟಿನ ಮಳೆಯಲ್ಲಿ, ಹಸಿರಾದ ಹಾವಸೆ ಮಾರ್ಚಿಗೆ ಒಣಗಿ ಕಪ್ಪಾಗುತ್ತದೆ. ನಿಮ್ಮ ಮಾದರಿ ಯಾವ ತಿಂಗಳಿನದು ಎಂದು ಮೊದಲೇ ನಿಶ್ಚಯಿಸಿ. ಪೇಸ್ಟಲ್ ಚಾಕಿನ ಪುಡಿಯನ್ನು ಒಣಕುಂಚದಲ್ಲಿ ಹಚ್ಚಿ, ತುಸು ಹೆಚ್ಚಾಗಿಯೇ. ವಾರ್ನಿಶ್ ಬಿದ್ದಾಗ ಅದು ಮಂಕಾಗುತ್ತದೆ.

ಮಳೆಗಾಲದಲ್ಲಿ ಸ್ಪ್ರೇ ವಾರ್ನಿಶ್ ಬೇಡ. ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುತ್ತದೆ, ಗೋಡೆ ಬೆಳ್ಳಗೆ ಮಬ್ಬಾಗುತ್ತದೆ. ನೀರಿನ ವಾರ್ನಿಶ್ಶನ್ನು ಮೆತ್ತನೆಯ ಕುಂಚದಿಂದ ತೆಳ್ಳಗೆ, ಪುಡಿ ಕದಡದಂತೆ ತಟ್ಟಿ ತಟ್ಟಿ ಹಚ್ಚಿ.

ನಮಸ್ಕಾರ.