ಬೀಗ ತೆಗೆದು ಬೀಗರಾದ್ರು, ಆದ್ರೆ ಕೀ ಯಾರ್ ಹತ್ರ ಇದೆ?

ಮೈಕ್ರೋಸಾಫ್ಟಿನವರ ಹೇಲೋ ಗೇಮು, ಅವರ ಎಕ್ಸ್‌ಬಾಕ್ಸ್ ಕನ್ಸೋಲಿನ (ಟಿವಿಗೆ ಹಾಕಿ ಗೇಮ್ ಆಡೋ ಡಬ್ಬದ) ಎದುರಾಳಿ ಸೋನಿಯ ಪ್ಲೇಸ್ಟೇಷನ್ 5ಗೆ, ಅಂದ್ರೆ ಪಿಎಸ್ 5ಗೆ ಬರುತ್ತೆ. ಈ ಮಾತನ್ನ ಹತ್ತು ವರ್ಷದ ಹಿಂದೆ ಯಾರಾದ್ರೂ ಹೇಳಿದ್ರೆ, ಏನ್ ಗುರು ಬೆಳಗ್ಗೆನೇ ಶುರು ಹಚ್ಕೊಂಡ್ಯಾ ಅಂತ ಕೇಳ್ತಿದ್ದೆ. ಆದ್ರೆ 2025ರ ಅಕ್ಟೋಬರಲ್ಲಿ ಮೈಕ್ರೋಸಾಫ್ಟ್‌ನವರೇ ನಿಂತ್ಕೊಂಡು ಅನೌನ್ಸ್ ಮಾಡಿದ್ರು, 2001ರ ಮೊದಲನೇ ಹೇಲೋದ ರೀಮೇಕು, ಹೇಲೋ ಕ್ಯಾಂಪೇನ್ ಇವಾಲ್ವ್ಡ್, 2026ಕ್ಕೆ, ಎಕ್ಸ್‌ಬಾಕ್ಸು, ಪಿಸಿ, ಜೊತೆಗೆ ಪ್ಲೇಸ್ಟೇಷನ್ನು. ಎಕ್ಸ್‌ಬಾಕ್ಸ್ ಅನ್ನೋ ದಪ್ಪ ಕಪ್ಪು ಡಬ್ಬನ ಜನ ಮನೆಗೆ ತಂದಿದ್ದೇ ಆ ಗೇಮ್ ಮುಖ ನೋಡಿ. ಅದಕ್ಕೋಸ್ಕರ 2000ದಲ್ಲಿ ಬಂಜಿ ಅನ್ನೋ ಸ್ಟುಡಿಯೋನೇ ಕೊಂಡ್ಕೊಂಡಿದ್ರು. ಇನ್ನೂ ಮಜಾ ಏನಂದ್ರೆ ಅದಕ್ಕೂ ಒಂದು ವರ್ಷ ಮುಂಚೆ ಆ ಗೇಮನ್ನ ಜಗತ್ತಿಗೆ ತೋರ್ಸಿದ್ದು ಸ್ಟೀವ್ ಜಾಬ್ಸು, ಮ್ಯಾಕ್‌ಗೆ ಬರುತ್ತೆ ಅಂತ. ಅಂದ್ರೆ ಹುಟ್ಟೋಕ್ ಮುಂಚೆನೇ ಒಂದ್ಸಲ ಮನೆ ಬದಲಾಯ್ಸಿರೋ ಗೇಮು ಅದು.

ಹೇಲೋ ಅನೌನ್ಸ್ ಆಗೋಕೂ ಮುಂಚೆ 2025ರ ಆಗಸ್ಟ್ 26 ನೆನಪಿಸ್ಕೊಳ್ಳಿ. ಅವತ್ತು ಮೈಕ್ರೋಸಾಫ್ಟಿನ ಗೇರ್ಸ್ ಆಫ್ ವಾರ್ ಪಿಎಸ್ 5ಗೆ ಬಂತು, ಸೋನಿಯ ಹೆಲ್‌ಡೈವರ್ಸ್ 2 ಎಕ್ಸ್‌ಬಾಕ್ಸಿಗೆ ಹೋಯ್ತು. ಒಂದೇ ದಿನ! ನಿಶ್ಚಿತಾರ್ಥದಲ್ಲಿ ತಾಂಬೂಲ ಬದಲಾಯ್ಸ್ಕೊಂಡ ಹಾಗೆ. ಇಪ್ಪತ್ತು ವರ್ಷ ಕಿತ್ತಾಡ್ತಿದ್ದ ಎರಡು ಮನೆಯವರು ಬೀಗ ತೆಗೆದು ಬೀಗರಾಗ್ಬಿಟ್ರು, ಇವರ ಪರವಾಗಿ ಕಾಮೆಂಟಲ್ಲಿ ಅಪ್ಪ ಅಮ್ಮನ ತನಕ ಬೈದಾಡ್ಕೊಂಡಿದ್ದ ನಾವು ಮಾತ್ರ ಊಟಕ್ಕೆ ಎಲೆ ಇಲ್ಲದೆ ನಿಂತಿದೀವಿ.

ಈಗ ಎಲ್ರೂ ಏನಂತಿದಾರೆ ಅಂದ್ರೆ, ಎಕ್ಸ್‌ಕ್ಲೂಸಿವ್ ಕಾಲ, ಅಂದ್ರೆ ಒಂದು ಗೇಮನ್ನ ಒಂದೇ ಕಂಪನಿ ಕನ್ಸೋಲಿಗೆ ಬೀಗ ಹಾಕಿಡೋ ಕಾಲ ಮುಗೀತು, ಇನ್ಮೇಲೆ ಯಾವ ಗೇಮ್ ಬೇಕಾದ್ರೂ ಎಲ್ಲಿ ಬೇಕಾದ್ರೂ ಆಡ್ಬಹುದು, ಗೇಮರ್‌ಗೆ ಸ್ವಾತಂತ್ರ್ಯ ಸಿಕ್ತು ಅಂತ. ನಾನಿದನ್ನ ಒಪ್ಪಲ್ಲ. ಬೀಗ ಹೋಗಿಲ್ಲ ಗುರು, ಬೇರೆ ಬಾಗಿಲಿಗೆ ಹಾಕಿದಾರೆ ಅಷ್ಟೆ.

ಯಾಕ್ ತೆಗೆದ್ರು ಅನ್ನೋದು ಕಷ್ಟದ ಲೆಕ್ಕ ಏನಲ್ಲ, ದುಡ್ಡು. 2023ರಲ್ಲಿ ಮೈಕ್ರೋಸಾಫ್ಟು ಆಕ್ಟಿವಿಷನ್ ಅನ್ನೋ ಗೇಮ್ ಕಂಪನಿನ ಕೊಂಡ್ಕೊಳ್ಳೋ ಕೇಸು ಅಮೆರಿಕದ ಕೋರ್ಟಲ್ಲಿ ನಡೀತಿದ್ದಾಗ ಸೋನಿಯ ಕೆಲವು ದಾಖಲೆ ಹೊರಗೆ ಬಂದ್ವು, ಯಾರೋ ಪುಣ್ಯಾತ್ಮ ಮಾರ್ಕರಲ್ಲಿ ಸರಿಯಾಗಿ ಕಪ್ಪು ಬಳಿದಿರ್ಲಿಲ್ಲ, ಸ್ಕ್ಯಾನ್ ಮಾಡಿದ್ಮೇಲೆ ಒಳಗಿನ ನಂಬರ್ ಕಾಣ್ತಿತ್ತು. ಸೋನಿಯ ಲಾಸ್ಟ್ ಆಫ್ ಅಸ್ 2 ಗೇಮ್ ಮಾಡೋಕೆ 22 ಕೋಟಿ ಡಾಲರ್, ಹೊರೈಜನ್ ಫಾರ್‌ಬಿಡನ್ ವೆಸ್ಟ್‌ಗೆ 21 ಕೋಟಿ ಚಿಲ್ಲರೆ. ಒಂದು ಗೇಮು 70 ಡಾಲರ್ ಅಂತಿಟ್ಕೊಂಡು, ಆ ದುಡ್ಡು ಪೂರ್ತಿ ನಿಮ್ ಜೇಬಿಗೇ ಬಿತ್ತು ಅಂದ್ರೂ 30 ಲಕ್ಷದ ಮೇಲೆ ಕಾಪಿ ಹೋಗ್ಬೇಕು ಹಾಕಿದ ಬಂಡವಾಳ ವಾಪಸ್ ಬರೋಕೆ. ಅಂಗಡಿ ಕಮಿಷನ್ನು, ಜಾಹೀರಾತು ಎಲ್ಲ ಸೇರ್ಸಿದ್ರೆ ಇನ್ನೂ ಮೇಲೆ. ಇಷ್ಟು ಖರ್ಚು ಮಾಡಿ ಒಂದೇ ಡಬ್ಬದೊಳಗೆ ಮಾರ್ತೀನಿ ಅಂತ ಕೂರೋಕಾಗಲ್ಲ. ಮೈಕ್ರೋಸಾಫ್ಟ್ ಅಂತೂ ಆಕ್ಟಿವಿಷನ್‌ಗೆ ಹತ್ತಿರ ಹತ್ತಿರ 6,900 ಕೋಟಿ ಡಾಲರ್ ಸುರಿದಿದೆ, ಆ ದುಡ್ಡು ಹುಟ್ಟಬೇಕಂದ್ರೆ ಸೋನಿ ಅಂಗಡಿ ಮುಂದೆನೂ ತಳ್ಳೋಗಾಡಿ ನಿಲ್ಲಿಸ್ಲೇಬೇಕು. ಅಲ್ಲಿ ಮಾರಾಟ ಆದ ಪ್ರತಿ ಹೇಲೋಗೂ ಸೋನಿಗೆ ಕಮಿಷನ್ ಬೇರೆ.

ಸರಿ, ಬೀಗ ಎಲ್ಲಿಗೆ ಹೋಯ್ತು? ಇದಕ್ಕೆ ಉತ್ತರ ಎಕ್ಸ್‌ಬಾಕ್ಸ್ ಬಾಸ್ ಆಗಿದ್ದಾಗ ಫಿಲ್ ಸ್ಪೆನ್ಸರ್ರೇ 2023ರಲ್ಲಿ ಒಂದು ಇಂಟರ್‌ವ್ಯೂನಲ್ಲಿ ಕೊಟ್ಟಿದಾರೆ. ನಾವು ಸೋಲಬಾರದ ಟೈಮಲ್ಲೇ ಸೋತ್ವಿ ಅಂದ್ರು. ಎಕ್ಸ್‌ಬಾಕ್ಸ್ ಒನ್, ಪಿಎಸ್ 4 ಕಾಲದಲ್ಲಿ ಜನ ಡಿಸ್ಕ್ ಬಿಟ್ಟು ಡಿಜಿಟಲ್ ಆಗಿ ಗೇಮ್ ಕೊಂಡು ಲೈಬ್ರರಿ ಕಟ್ಕೊಂಡ್ರು, ಅಷ್ಟನ್ನ ಬಿಟ್ಟು ಯಾರೂ ಬರಲ್ಲ, ನಮ್ ಹೊಸ ಗೇಮ್ ಸ್ಟಾರ್‌ಫೀಲ್ಡ್ ಹತ್ತಕ್ಕೆ ಹನ್ನೊಂದು ಮಾರ್ಕ್ಸ್ ತಗೊಂಡ್ರೂ ಜನ ಪಿಎಸ್ 5 ಮಾರ್ಬಿಟ್ಟು ಬರಲ್ಲ ಅನ್ನೋ ಅರ್ಥದಲ್ಲಿ ಹೇಳಿದ್ರು. ಅಂದ್ರೆ ಜನರನ್ನ ಕಟ್ಟಿ ಹಾಕಿರೋದು ಹೇಲೋನೂ ಅಲ್ಲ, ಗಾಡ್ ಆಫ್ ವಾರೂ ಅಲ್ಲ. ನಿಮ್ ಅಕೌಂಟಲ್ಲಿ ಬಿದ್ದಿರೋ, ಅರ್ಧ ಆಡಿ ಬಿಟ್ಟಿರೋ, ಸೇಲ್‌ನಲ್ಲಿ ಸುಮ್ನೆ ಕೊಂಡಿಟ್ಟಿರೋ ಆ ನೂರು ಗೇಮು.

ನಮ್ ಚಿಕ್ಕಮ್ಮನ ಮಗ ಒಬ್ಬ ಇದಾನೆ ತುಮಕೂರಲ್ಲಿ. 2021ರಲ್ಲಿ ಪಿಎಸ್ 5 ಇಲ್ಲಿಗೆ ಬಂದಾಗ ಡಿಸ್ಕ್ ಇರೋದು 49,990, ಡಿಸ್ಕ್ ಇಲ್ಲದ್ದು 39,990 ಇತ್ತು. ಇವನು ಹೇಗೋ ಪ್ರೀ-ಆರ್ಡರ್ ಸಿಕ್ಕಿ ಡಿಸ್ಕ್ ಇಲ್ಲದ್ದು ತಗೊಂಡ. ಅಣ್ಣ, ಹತ್ತು ಸಾವಿರ ಉಳಿಸ್ದೆ ಅಂತ ಫೋನ್ ಮಾಡಿ ಕುಣಿದ. ಆಮೇಲೆ ದೊಡ್ಡ ಗೇಮು ಒಂದೊಂದೂ 4,999. ನಾನು ಅಷ್ಟೇ ಕೊಟ್ಟು ಡಿಸ್ಕ್ ತಗೋತೀನಿ, ಹದಿನೈದು ದಿನ ಆಡ್ತೀನಿ, ಇನ್ನೊಬ್ಬನಿಗೆ ಕೊಟ್ಟು ಅವನ ಡಿಸ್ಕ್ ಇಸ್ಕೋತೀನಿ, ಇಲ್ಲಾಂದ್ರೆ ಸ್ವಲ್ಪ ಕಮ್ಮಿಗೆ ಮಾರ್ತೀನಿ. ಅವನು ಹಬ್ಬಕ್ಕೆ ಬಂದಾಗ ನನ್ ಶೆಲ್ಫ್ ಮುಂದೆ ನಿಂತು ಡಿಸ್ಕ್ ಕೇಸ್ ಒಂದೊಂದೇ ತೆಗೆದು ತೆಗೆದು ನೋಡ್ತಾನೆ, ಬೇಕ್ರಿ ಗಾಜಿನ ಮುಂದೆ ಮಕ್ಕಳು ನಿಂತಂಗೆ. ತಗೊಂಡ್ ಹೋಗೋ ಅಂದ್ರೆ ಎಲ್ಲಿಗೆ ಹಾಕ್ಲಿ ಅಣ್ಣ ಅಂತಾನೆ. ಉಳಿಸಿದ ಹತ್ತು ಸಾವಿರ ಎರಡೇ ಗೇಮಿಗೆ ಕರಗಿತ್ತು.

ನಾವು ಚಿಕ್ಕವರಿದ್ದಾಗ ನ್ಯಾಷನಲ್ ಮಾರ್ಕೆಟ್ಟಿಂದ ಕಾಪಿ ಡಿಸ್ಕ್ ಓಡೋ ಹಾಗೆ ಚಿಪ್ ಹಾಕಿದ ಪಿಎಸ್ 2 ತಂದು ಆಡ್ದವರು, ಅದು ಸರಿ ಅಂತ ಹೇಳ್ತಿಲ್ಲ, ಆದ್ರೆ ಆಗ ಎಕ್ಸ್‌ಕ್ಲೂಸಿವ್ ಅನ್ನೋ ಪದನೇ ಗೊತ್ತಿರ್ಲಿಲ್ಲ. ಡಿಸ್ಕ್ ಯಾರ್ ಕೈಯಲ್ಲಿದ್ಯೋ ಗೇಮ್ ಅವನದು. ಈಗ ಆ ಮಾತು ಕಾನೂನಲ್ಲೇ ಉಲ್ಟಾ ಆಗಿದೆ. 2025ರಿಂದ ಕ್ಯಾಲಿಫೋರ್ನಿಯಾದಲ್ಲಿ ಡಿಜಿಟಲ್ ಅಂಗಡಿಯವರು, ಸ್ವಾಮಿ ನೀವು ಕೊಳ್ತಿರೋದು ಲೈಸೆನ್ಸ್ ಮಾತ್ರ ಅಂತ ಗಿರಾಕಿಗೆ ಸ್ಪಷ್ಟವಾಗಿ ಹೇಳ್ಬೇಕು. ಯೂಬಿಸಾಫ್ಟ್ ಅನ್ನೋ ಗೇಮ್ ಕಂಪನಿ 2024ರ ಮಾರ್ಚ್ 31ಕ್ಕೆ, ನೆಟ್ ಇಲ್ಲದೆ ಓಡದ ದಿ ಕ್ರೂ ಗೇಮಿನ ಸರ್ವರ್ ಆಫ್ ಮಾಡ್ತು, ದುಡ್ಡು ಕೊಟ್ಟವರಿಗೂ ಗೇಮ್ ಇಲ್ಲ. ಅದು ಡಿಸ್ಕಲ್ಲೂ ಬಂದಿದ್ದ ಗೇಮು, ಹಾಗಾಗಿ ನನ್ ಶೆಲ್ಫ್ ಬಗ್ಗೆ ನಾನೂ ತುಂಬ ಎದೆ ಉಬ್ಬಿಸ್ಕೊಂಡು ಮಾತಾಡೋ ಹಾಗಿಲ್ಲ.

ಇನ್ನು ಹೊಸ ಬಾಗಿಲಿನ ಬೀಗ ಕಣ್ಣಿಗೇ ಕಾಣಿಸಿದ್ದು 2024ರ ಮೇ ತಿಂಗಳಲ್ಲಿ. ಹೆಲ್‌ಡೈವರ್ಸ್ 2 ಪಿಸಿಯಲ್ಲಿ ಚೆನ್ನಾಗಿ ಓಡ್ತಿತ್ತು, ಇದ್ದಕ್ಕಿದ್ದ ಹಾಗೆ ಸೋನಿ, ಸ್ಟೀಮ್ ಅನ್ನೋ ಪಿಸಿ ಗೇಮ್ ಅಂಗಡಿಯಲ್ಲಿ ಕೊಂಡಿದ್ರೂ ನಮ್ ಪ್ಲೇಸ್ಟೇಷನ್ ನೆಟ್‌ವರ್ಕ್ ಅಕೌಂಟ್ ಬೇಕೇ ಬೇಕು ಅಂತು. ಎಷ್ಟೋ ದೇಶದಲ್ಲಿ ಆ ಅಕೌಂಟ್ ಮಾಡೋ ಅವಕಾಶನೇ ಇಲ್ಲ. ಗೇಮ್ ಕೊಂಡವನು ತನ್ನ ದೇಶ ಬಿಟ್ಟು ಬರ್ಬೇಕಾ? ಸ್ಟೀಮ್ ರಿವ್ಯೂ ಪೇಜಲ್ಲಿ ಜನ ಬೆಂಕಿ ಹಚ್ಚಿದ್ರು, ಕೆಲವೇ ದಿನದಲ್ಲಿ ಸೋನಿ ಹಿಂದೆ ಸರೀತು. ನಮಗೆ ಇಲ್ಲಿ ಆ ಅಕೌಂಟ್ ಸಿಗುತ್ತೆ ಅಂತ ನಾವು ಆ ಜಗಳದಲ್ಲಿ ಸುಮ್ನಿದ್ವಿ. ಆದ್ರೆ ಗಮನಿಸ್ಬೇಕಾದ್ದು ಇದೇ, ಗೇಮನ್ನ ಬೇರೆಯವರ ಮನೆಗೆ ಕಳಿಸೋಕೆ ಸೋನಿಗೆ ಬೇಜಾರಿಲ್ಲ, ನಿಮ್ ಹೆಸ್ರು ಅವರ ರಿಜಿಸ್ಟರಲ್ಲಿ ಇರ್ಬೇಕು.

ಮೂರನೇ ಕನ್ಸೋಲ್ ಕಂಪನಿ ನಿಂಟೆಂಡೋ ವಿಚಾರ ಬೇರೆ. ಅವರು ಯಾರ ಮಾತೂ ಕೇಳಲ್ಲ, ಮಾರಿಯೋ ಅವರ ಮನೆ ಬಿಟ್ಟು ಪಕ್ಕದ ಕನ್ಸೋಲಿಗೆ ಹೋಗಲ್ಲ, ಅವರ ಹಳೇ ಕನ್ಸೋಲ್ ಸ್ವಿಚ್‌ನಲ್ಲಿ ಮಾರಿಯೋ ಕಾರ್ಟ್ 8 ಡೀಲಕ್ಸ್ ಒಂದೇ 6 ಕೋಟಿ ಮೇಲೆ ಮಾರಾಟ ಆಗಿರೋವಾಗ ಯಾಕ್ ಹೋಗ್ಬೇಕು? ಆದ್ರೆ 2025ರ ಜೂನಲ್ಲಿ ಬಂದ ಸ್ವಿಚ್ 2ರಲ್ಲಿ ಅವರೂ ಒಂದು ಕಿತಾಪತಿ ಮಾಡಿದ್ರು. ಗೇಮ್ ಕೀ ಕಾರ್ಡ್ ಅಂತೆ. ಅಂಗಡಿಯಲ್ಲಿ ಡಬ್ಬ ಸಿಗುತ್ತೆ, ಒಳಗೆ ಕಾರ್ಡೂ ಇರುತ್ತೆ, ಕಾರ್ಡ್ ಒಳಗೆ ಗೇಮ್ ಇರಲ್ಲ, ನೆಟ್ ಹಾಕಿ ಡೌನ್‌ಲೋಡ್ ಮಾಡ್ಕೋಬೇಕು. ತೆಂಗಿನಕಾಯಿ ಕೊಂಡು ಒಡೆದ್ರೆ ಒಳಗೆ ಚೀಟಿ, ಕಾಯಿ ಗೋಡೌನಲ್ಲಿದೆ ಬಂದು ತಗೊಂಡೋಗಿ ಅಂತ. ಆದ್ರೂ ಅದನ್ನ ಇನ್ನೊಬ್ಬನಿಗೆ ಕೊಡ್ಬಹುದು, ಮಾರ್ಬಹುದು, ಆ ಮಟ್ಟಿಗೆ ವಾಸಿ.

ಸ್ಟೀಮ್ ಇದ್ಯಲ್ಲ, ಎಲ್ಲಿ ಬೇಕಾದ್ರೂ ಆಡ್ಬಹುದಲ್ಲ ಅಂತ ಪಿಸಿ ಹುಡುಗ್ರು ಈಗಾಗ್ಲೇ ಟೈಪ್ ಮಾಡ್ತಿರ್ತೀರ, ಗೊತ್ತು. ಹೌದು, ಹತ್ತು ವರ್ಷದ ಹಿಂದೆ ಕೊಂಡಿದ್ದು ಇವತ್ತಿನ ಲ್ಯಾಪ್‌ಟಾಪಲ್ಲೂ ಓಡುತ್ತೆ, ಕೈಯಲ್ಲಿ ಹಿಡಿದು ಆಡೋ ಸ್ಟೀಮ್ ಡೆಕ್ಕಲ್ಲೂ ಓಡುತ್ತೆ, 2025ರ ನವೆಂಬರಲ್ಲಿ ಸ್ಟೀಮ್ ನಡೆಸೋ ವಾಲ್ವ್ ಕಂಪನಿ ಅನೌನ್ಸ್ ಮಾಡಿದ, ಟಿವಿಗೆ ಹಾಕೋ ಸ್ಟೀಮ್ ಮಷೀನಲ್ಲೂ ಓಡೋ ಹಾಗೆ ಮಾಡಿದಾರೆ. ಕನ್ಸೋಲ್ ಕಂಪನಿಗಳಿಗೆ ನಿಜವಾದ ಭಯ ಇರೋದು ಇದ್ರಿಂದನೇ ಅಂತ ನನಗನ್ಸುತ್ತೆ. ಆದ್ರೆ ನಿಮ್ ಸ್ಟೀಮ್ ಗೇಮನ್ನ ನನಗೆ ಮಾರಿ ನೋಡೋಣ? ಆಗಲ್ಲ. ಬೀಗ ಅಲ್ಲೂ ಇದೆ, ಒಳಗೆ ಫ್ಯಾನ್ ಎಸಿ ಚೆನ್ನಾಗಿದೆ ಅಂತ ಯಾರೂ ಬಾಗಿಲು ತಳ್ಳಿ ನೋಡಿಲ್ಲ.

ಹಾಗಾಗಿ ಮುಂದಿನ ಕನ್ಸೋಲ್ ತಗೊಳ್ಳೋವಾಗ ನಾನಂತೂ ಯಾವ ಗೇಮ್ ಯಾರ ಹತ್ರ ಇದೆ ಅಂತ ಕೇಳಲ್ಲ. ಡಿಸ್ಕ್ ಡ್ರೈವ್ ಇದ್ಯಾ, ಹಳೇ ಡಿಸ್ಕ್ ಓಡುತ್ತಾ, ಇಷ್ಟೇ ಕೇಳ್ತೀನಿ. ಪಿಎಸ್ 5 ಪ್ರೋ 2024ರಲ್ಲಿ 700 ಡಾಲರ್‌ಗೆ ಬಂದಾಗ ಡ್ರೈವ್ ಬೇರೆ ಕೊಂಡ್ಕೊಳ್ಳಿ ಅಂದ್ರು, ಇಲ್ಲಿಗೆ ಅದು ಆಗ ಬರಲೂ ಇಲ್ಲ, ಅದೊಂದು ಉಳೀತು.

ಹೇಲೋ ಡಿಸ್ಕಲ್ಲಿ ಬಂದ್ರೆ ತಗೊಳ್ಳೋನೇ ನಾನು. ಒಂದು ತಿಂಗಳು ಟೈಮ್ ಕೊಡಿ, ಮುಗಿಸ್ತೀನಿ. ಬೆಂಗಳೂರಲ್ಲಿ ಯಾರಾದ್ರೂ ಎಕ್ಸ್‌ಚೇಂಜ್‌ಗೆ ರೆಡಿ ಇದ್ರೆ ಕೆಳಗೆ ಹೇಳಿ, ಆದ್ರೆ ಸ್ಕ್ರಾಚ್ ಇರೋ ಡಿಸ್ಕ್ ತಂದು ನನ್ ತಲೆಗೆ ಕಟ್ಬೇಡಿ, ಹೋದ್ಸಲ ಒಬ್ಬ ಮಹಾನುಭಾವ ಆ ಕೆಲಸ ಮಾಡಿದಾನೆ.