ಬರೀ ಪಾಪ್ ಹಾಡು ಅಂದವರಿಗೆ

ಎಲ್ಲರಿಗೂ ನಮಸ್ಕಾರ. ನನಗಿಂತ ಮುಂಚೆ ಮಾತಾಡಿದ ಹಿರಿಯರು ಪಾಪ್ ಹಾಡನ್ನು "ಒಂದು ಸೀಸನ್ನಿನ ಸರಕು" ಅಂದರು. ನಾನು ಬರೆದುಕೊಂಡು ಬಂದಿದ್ದ ಮೊದಲ ಪುಟ ಅಲ್ಲಿಗೇ ದಂಡವಾಯಿತು. ಸರ್, ಬೇಜಾರು ಮಾಡಿಕೊಳ್ಳಬೇಡಿ, ಇವತ್ತು ನಿಮ್ಮ ಜೊತೆಗೇ ಜಗಳ.

ಬೋಸ್ನಿಯಾದ ಪಾಪ್ ಗಾಯಕ ದೀನೋ ಮರ್ಲಿನ್ ಹೆಸರು ಇಲ್ಲಿ ಬಂದವರಿಗೆ ಹೊಸದಲ್ಲ. ನಿಜವಾದ ಹೆಸರು ಎದಿನ್ ದೆರ್ವಿಶ್‌ಹಾಲಿದೊವಿಚ್. ಹುಟ್ಟಿದ್ದು 1962ರಲ್ಲಿ, ಬೋಸ್ನಿಯಾದ ರಾಜಧಾನಿ ಸರಾಯೆವೊದಲ್ಲಿ. ಆಗ ಬೋಸ್ನಿಯಾ ಯುಗೊಸ್ಲಾವಿಯಾದ ಭಾಗ. ಎಂಬತ್ತರ ದಶಕದಲ್ಲಿ ಆ ಊರಲ್ಲಿ ಗಲ್ಲಿಗೊಂದು ಬ್ಯಾಂಡ್ ಇದ್ದ ಕಾಲ, ಇವನೂ ಒಂದು ಕಟ್ಟಿದ, ಹೆಸರು ಮರ್ಲಿನ್. ಮೊದಲ ಆಲ್ಬಮ್ 1985ರಲ್ಲಿ ಬಂತು. ಅದರ ಹೆಸರೇ "ಕಾಸಿಲ್ಲದ ಕಾಲ" ಅನ್ನೋ ಅರ್ಥದ್ದು. ಆಮೇಲೆ ಬ್ಯಾಂಡ್ ಹೋಯಿತು, ಅದರ ಹೆಸರು ಇವನಿಗೇ ಅಂಟಿಕೊಂಡಿತು.

1992ರಲ್ಲಿ ಬೋಸ್ನಿಯಾ ಸ್ವತಂತ್ರವಾಯಿತು, ಜೊತೆಗೇ ಯುದ್ಧ. ಹೊಸ ದೇಶಕ್ಕೆ ರಾಷ್ಟ್ರಗೀತೆ ಬೇಕಲ್ಲ. ಪ್ಲಿವಾ ನದಿಯ ಆಚೆ ದಡದ ಬಗ್ಗೆ ಜನ ಹಾಡಿಕೊಂಡು ಬಂದಿದ್ದ ಹಳೆಯ ಜಾನಪದ ಧಾಟಿಗೆ ಮಾತು ಬರೆದುಕೊಟ್ಟವನು ಇದೇ ಮನುಷ್ಯ. ಬರೀ ಪಾಪ್ ಹಾಡಿನವನು ಸರ್!

ಈಗ ನನ್ನ ಇಷ್ಟದ ಕಥೆ. ಎಷ್ಟು ಸಲ ಹೇಳಿದರೂ ಸಾಲದು. 1993, ಸರಾಯೆವೊ ಸುತ್ತ ಬೋಸ್ನಿಯಾದ ಸರ್ಬ್ ಪಡೆಗಳ ಮುತ್ತಿಗೆ. ನೀರಿಲ್ಲ, ಕರೆಂಟಿಲ್ಲ, ಗುಡ್ಡಗಳ ಮೇಲಿಂದ ಶೆಲ್. ಇಂಥಾ ಊರಿಂದ ಯೂರೋವಿಷನ್‌ಗೆ, ಅಂದರೆ ಯುರೋಪಿನ ದೇಶದೇಶಗಳು ಪ್ರತಿವರ್ಷ ಟಿವಿಯಲ್ಲಿ ನಡೆಸುವ ಹಾಡಿನ ಸ್ಪರ್ಧೆಗೆ, ತಂಡ ಕಳಿಸಬೇಕು ಅಂತ ತೀರ್ಮಾನವಾಗುತ್ತದೆ. ಹುಚ್ಚಲ್ವಾ? ಸಂಗೀತ ಮರ್ಲಿನ್‌ದು, ಹಾಡುವವನು ಫಾಝ್ಲಾ. ಲೋಕದ ನೋವೆಲ್ಲ ಬೋಸ್ನಿಯಾದಲ್ಲಿದೆ ಅನ್ನುವ ಹಾಡು. ಊರಿಂದ ಹೊರಗೆ ಹೋಗುವ ದಾರಿ ಒಂದೇ, ವಿಮಾನ ನಿಲ್ದಾಣದ ರನ್‌ವೇ ದಾಟಬೇಕು. ವಿಮಾನ ಹತ್ತೋದಕ್ಕಲ್ಲ, ರಾತ್ರಿ ಕತ್ತಲಲ್ಲಿ ಓಡೋದಕ್ಕೆ. ನಿಲ್ದಾಣ ವಿಶ್ವಸಂಸ್ಥೆಯ ಸೈನಿಕರ ಕೈಲಿತ್ತು. ಅವರು ಸರ್ಚ್‌ಲೈಟ್ ಬಿಟ್ಟರೆ ಓಡುತ್ತಿದ್ದವರು ಸ್ನೈಪರ್ ಕಣ್ಣಿಗೆ ಬೀಳುತ್ತಿದ್ದರು. ರನ್‌ವೇ ಕೆಳಗಿನ ಸುರಂಗ ಆಗಿನ್ನೂ ಮುಗಿದಿರಲಿಲ್ಲ. ಹಾಡೋಕೆ ಹೋಗುವ ಜನ ಗುಂಡಿನ ನಡುವೆ ಓಡಿ, ಇಗ್ಮಾನ್ ಬೆಟ್ಟ ಹತ್ತಿ, ಸ್ಲೊವೇನಿಯಾದ ಲ್ಯೂಬ್ಲಿಯಾನಾದಲ್ಲಿ ಅರ್ಹತಾ ಸುತ್ತು ಗೆದ್ದು, ಕೊನೆಗೆ ಐರ್ಲೆಂಡಿನ ಮಿಲ್‌ಸ್ಟ್ರೀಟ್ ಅನ್ನೋ ಪುಟ್ಟ ಊರಿಗೆ ಬಂದರು. ಅಲ್ಲಿ ಸ್ಪರ್ಧೆ ನಡೆದದ್ದೆಲ್ಲಿ ಗೊತ್ತಾ? ಕುದುರೆ ಪ್ರದರ್ಶನದ ಸಭಾಂಗಣದಲ್ಲಿ!

ಸಿಕ್ಕಿದ್ದು 27 ಅಂಕ, 16ನೇ ಸ್ಥಾನ. ಅದು ಬಿಡಿ. ದೇಶಗಳು ಫೋನಿನಲ್ಲಿ ಅಂಕ ಹೇಳಬೇಕು. ಸರಾಯೆವೊ ಸರದಿ ಬಂದಾಗ ಲೈನಿನಲ್ಲಿ ಬರೀ ಗರಗರ ಸದ್ದು. ಅದರ ಮಧ್ಯೆ ದೂರದಿಂದ ಒಂದು ದನಿ ಕೇಳಿತು. ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು, ಅವರಿನ್ನೂ ಅಂಕವನ್ನೇ ಹೇಳಿರಲಿಲ್ಲ! ಆ ರೆಕಾರ್ಡಿಂಗ್ ಸುಮ್ನೆ ಒಂದು ಸಲ ಹುಡುಕಿ ಕೇಳಿ. ಒಂದು ಊರು ಇನ್ನೂ ಉಸಿರಾಡುತ್ತಿದೆ ಅಂತ ಯುರೋಪಿಗೆ ಮನೆಮನೆಯಲ್ಲಿ ತಿಳಿದದ್ದು ಒಂದು ಟಿವಿ ಹಾಡಿನ ಸ್ಪರ್ಧೆಯಿಂದ. ಸೀಸನ್ನಿನ ಸರಕು ಅಂದಿರಲ್ಲ ಸರ್?

ಆ ರಾಷ್ಟ್ರಗೀತೆ ಏನಾಯಿತು ಅಂತ ಕೇಳಬೇಕಿತ್ತು ನೀವು. ಬೋಸ್ನಿಯಾದಲ್ಲೇ ಇರುವ ಬೇರೆ ಎರಡು ಜನಾಂಗ, ಸರ್ಬರು, ಕ್ರೊಯೇಟರು ಅದನ್ನು ತಮ್ಮದು ಅಂತ ಒಪ್ಪಲಿಲ್ಲ. ಅವರ ತಕರಾರು ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ, ಯುದ್ಧದ ಮಧ್ಯೆ ಹುಟ್ಟಿದ ಹಾಡು ಅದು. 1999ರಲ್ಲಿ ಹೊಸದು ಬಂತು. ಅದಕ್ಕೆ ಸಾಹಿತ್ಯವೇ ಇಲ್ಲ, ಬರೀ ಟ್ಯೂನ್. ಮಾತಿದ್ದರೆ ತಾನೇ ಜಗಳ! ಆದರೆ ಫುಟ್‌ಬಾಲ್ ಮ್ಯಾಚಿಗೆ ಹೋದ ಅಭಿಮಾನಿಗಳ ಬಾಯಲ್ಲಿ ಬರೋದು ಮರ್ಲಿನ್ ಮಾತೇ.

ಚೀಟಿ ಬಂತು, ಐದು ನಿಮಿಷ ಅಂತೆ. ಸರಿ, ಓಡಿಸುತ್ತೇನೆ. 1999ರಲ್ಲಿ ಜೆರುಸಲೇಮಿನ ಯೂರೋವಿಷನ್, ಈ ಸಲ ಮರ್ಲಿನ್ ತಾನೇ ಹಾಡಿದ, ಫ್ರೆಂಚ್ ಗಾಯಕಿ ಬಿಯಾಟ್ರಿಸ್ ಜೊತೆ, ಏಳನೇ ಸ್ಥಾನ. ದೇಶದೊಳಗಿನ ಸ್ಪರ್ಧೆ ಗೆದ್ದಿದ್ದು ಇನ್ನೊಬ್ಬ, ಆ ಹಾಡು ಮೊದಲೇ ಹೊರಗೆ ಬಂದಿತ್ತು ಅಂತ ತೆಗೆದುಹಾಕಿದರು, ಇವನಿಗೆ ಚಾನ್ಸ್ ಸಿಕ್ಕಿತು. 2004ರಲ್ಲಿ ಒಂದು ಆಲ್ಬಮ್, ಹೆಸರು "ಬುರೆಕ್". ಅಲ್ಲಿನ ಬೇಕರಿಗಳಲ್ಲಿ ಸಿಗೋ ಮಾಂಸ ತುಂಬಿದ ತಿಂಡಿ ಅದು, ತಿಂದವರಿಗೆ ಗೊತ್ತು. 2011ರಲ್ಲಿ ಮತ್ತೆ ಯೂರೋವಿಷನ್, ಜರ್ಮನಿಯ ಡ್ಯೂಸೆಲ್‌ಡಾರ್ಫ್, ವಯಸ್ಸು 48, 125 ಅಂಕ, ಆರನೇ ಸ್ಥಾನ.

ಅದೇ ವರ್ಷ ನವೆಂಬರಿನಲ್ಲಿ ಬೆಲ್‌ಗ್ರೇಡ್. ಸರ್ಬಿಯಾದ ರಾಜಧಾನಿ! ಯುದ್ಧದಲ್ಲಿ ಬೋಸ್ನಿಯಾ ಪರ ಹಾಡು ಕಟ್ಟಿದವನು ಇಲ್ಲಿ ಹಾಡಬಾರದು ಅಂತ ಗಲಾಟೆಯೂ ಆಯಿತು. ಆದರೂ ಒಂದಕ್ಕಿಂತ ಜಾಸ್ತಿ ರಾತ್ರಿ ಹಾಡಿದ, ಅರೆನಾ ತುಂಬಿತ್ತು. ಟಿಕೆಟ್ ಕೊಂಡವರು ಅಲ್ಲಿಯವರೇ. ರಾಜಕಾರಣಿಗಳ ಕೈಲಿ ಆಗದ್ದು... ಬೇಡ, ಆ ಮಾತು ಎಳೆದರೆ ಊಟ ತಪ್ಪುತ್ತದೆ.

ಯುಗೊಸ್ಲಾವಿಯಾದ ಕ್ಯಾಸೆಟ್ ಕಾಲದ ಬಗ್ಗೆ ಎರಡು ಪುಟ ಉಳಿದಿದೆ, ಪ್ರಶ್ನೆ ಇದ್ದವರು ಊಟದ ಸಾಲಿನಲ್ಲಿ ಹಿಡಿಯಿರಿ. ತಮ್ಮಾ, ಡ್ಯೂಸೆಲ್‌ಡಾರ್ಫ್ ಹಾಡು ಹಾಕಪ್ಪಾ, ಸ್ವಲ್ಪ ಜೋರಾಗಿಯೇ ಇರಲಿ.