ಮರಳುಗಾಡಿನಲ್ಲಿ ಐದು ದಿನ, ಕ್ಯಾಮೆರಾ ಇಲ್ಲದೆ

ಈಗ ಕಾಣುತ್ತಿರುವುದು ಮೊದಲ ದಿನದ ಸಂಜೆ. ದಿಬ್ಬದ ಬುಡದಲ್ಲಿ ಡೇರೆಗಳ ಸಾಲು, ಅದರಾಚೆ ಬರೀ ಮರಳು. ಈ ದೃಶ್ಯವನ್ನು ಚೆನ್ನಾಗಿ ನೋಡಿಟ್ಟುಕೊಳ್ಳಿ, ಮುಂದೆ ಇದನ್ನೇ ನಾಲ್ಕಾರು ಬಾರಿ ತೋರಿಸಲಿದ್ದೇನೆ. ಏಕೆಂದರೆ ಇದನ್ನು ಚಿತ್ರೀಕರಿಸಿದ ಅರ್ಧ ಗಂಟೆಗೆ ಈ ಯೋಗ, ಧ್ಯಾನ ಶಿಬಿರದ ಮೇಲ್ವಿಚಾರಕಿ ಒಂದು ಬಟ್ಟೆಯ ಚೀಲ ಹಿಡಿದು ಬಂದರು. ಎಲ್ಲರ ಮೊಬೈಲೂ ಅದರೊಳಗೆ ಹೋಯಿತು, ನನ್ನ ಕ್ಯಾಮೆರಾ ಕೂಡ.

“ಇದು ನನ್ನ ಕೆಲಸ” ಎಂದೆ.

“ಹಾಗಾದರೆ ನಿಮಗೆ ಐದು ದಿನ ರಜೆ” ಎಂದರು.

ವಾದಕ್ಕೆ ದಾರಿಯಿರಲಿಲ್ಲ. ನೋಂದಣಿ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು, ಓದದೆ ಸಹಿ ಹಾಕಿದವಳು ನಾನೇ. ಹಾಗಾಗಿ ಈ ವ್ಲಾಗ್‌ನಲ್ಲಿ ಮಾತೇ ಹೆಚ್ಚು. ಕಣ್ಣು ಮುಚ್ಚಿ ಕೇಳಿದರೂ ನಷ್ಟವಿಲ್ಲ.

ಇದು ದಾರಿಯ ದೃಶ್ಯ, ಬಸ್ಸಿನ ಕಿಟಕಿಯಿಂದ ತೆಗೆದದ್ದು. ಕಲ್ಲು, ಜಲ್ಲಿ, ಬಿರುಕುಬಿಟ್ಟ ಬೋಳು ನೆಲ. ಗಂಟೆಗಟ್ಟಲೆ ಇಷ್ಟೇ. ಮರಳುಗಾಡು ಎಂಬ ನಮ್ಮ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಭೂಮಿಯ ಮೇಲಿನ ಇಂಥ ಪ್ರದೇಶಗಳಲ್ಲಿ ಮರಳು ಹರಡಿರುವುದು ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲಿನಲ್ಲಿ ಮಾತ್ರ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬಿದ್ದರೆ ಸಾಕು, ಆ ನೆಲಕ್ಕೆ ಈ ಹೆಸರು ಸಲ್ಲುತ್ತದೆ. ದಿಬ್ಬಗಳು ಕಣ್ಣಿಗೆ ಬೀಳುವ ಹೊತ್ತಿಗೆ ನನ್ನ ಬ್ಯಾಟರಿ ಅರ್ಧ ಖಾಲಿಯಾಗಿತ್ತು.

ಬೆಳಗಿನ ಐದಕ್ಕೆ ಗಂಟೆ ಬಾರಿಸುತ್ತಾರೆ. ಹೊರಗೆ ಕೊರೆಯುವ ಚಳಿ. ಬಿಸಿಲಿನ ನಾಡು ಎಂದುಕೊಂಡು ನಾನು ತಂದದ್ದು ಒಂದು ತೆಳು ಶಾಲು. ಒಣ ಗಾಳಿಯಲ್ಲಿ ನೀರಾವಿ ಕಡಿಮೆ, ಮೇಲೆ ಮೋಡವಿಲ್ಲ. ಹಗಲೆಲ್ಲ ನೆಲ ಹೀರಿಕೊಂಡ ಶಾಖವನ್ನು ರಾತ್ರಿ ತಡೆದು ಹಿಡಿಯುವವರೇ ಇಲ್ಲ. ಇದನ್ನು ಶಾಲೆಯಲ್ಲಿ ಓದಿ ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹಲ್ಲು ಕಟಕಟ ಎಂದಾಗ ನೆನಪಾಯಿತು.

ಯೋಗಕ್ಕೆ ಎಲ್ಲರೂ ದಿಬ್ಬದ ಒಂದು ಪಕ್ಕದಲ್ಲಿ ಚಾಪೆ ಹಾಸಿದರೆ ನಾನು ಇನ್ನೊಂದು ಪಕ್ಕಕ್ಕೆ ಹೋದೆ. ಸೂರ್ಯೋದಯದ ಬೆಳಕು ಅಲ್ಲಿ ಮುಖಕ್ಕೆ ಚೆನ್ನಾಗಿ ಬೀಳುತ್ತದೆ ಎಂಬ ಲೆಕ್ಕ. ಯಾರ ಕ್ಯಾಮೆರಾಕ್ಕೆ ಎಂದು ಕೇಳಬೇಡಿ. ದಿಬ್ಬಕ್ಕೆ ಎರಡು ಮೈ ಇರುತ್ತದೆಂದು ಆಗ ತಿಳಿಯಿತು. ಗಾಳಿ ಬೀಸಿ ಬರುವ ಕಡೆ ಇಳಿಜಾರು ಕಡಿಮೆ, ಮರಳು ಅದುಮಿದಂತೆ ಬಿಗಿ. ನೆತ್ತಿ ದಾಟಿ ಆಚೆ ಉದುರಿದ ಮರಳು ಮಾತ್ರ ಸಡಿಲವಾಗಿ ರಾಶಿ ಬೀಳುತ್ತದೆ. ಇಳಿಜಾರು ಸುಮಾರು 34 ಡಿಗ್ರಿ ಮೀರಿದರೆ ತಾನಾಗಿ ಜಾರುತ್ತದೆ. ನಾನು ಚಾಪೆ ಹಾಸಿದ್ದು ಆ ರಾಶಿಯ ಬುಡದಲ್ಲಿ. ಅಧೋಮುಖ ಶ್ವಾನಾಸನಕ್ಕೆ ಕೈ ಊರಿದರೆ ಅಂಗೈ ಚಾಪೆಯ ಸಮೇತ ಒಳಗಿಳಿದು ಮಣಿಕಟ್ಟು ಚುರುಕ್ ಎಂದಿತು. ಶಿಕ್ಷಕಿ ಒಂದು ಮಾತೂ ಆಡದೆ ಚಾಪೆ ಎಳೆದುಕೊಂಡು ಹೋಗಿ ಎಲ್ಲರ ನಡುವೆ ಹಾಸಿದರು.

ಅಲ್ಲಿಯೂ ಮನೆಯ ನೆಲದ ಲೆಕ್ಕ ನಡೆಯಲಿಲ್ಲ. ವೃಕ್ಷಾಸನದಲ್ಲಿ ನಿಮಿಷಗಟ್ಟಲೆ ನಿಲ್ಲುವವಳು ಆರನೇ ಉಸಿರಿಗೆ ವಾಲಿದೆ. ಕಾಲ್ಬೆರಳುಗಳು ಹಿಡಿತ ಹುಡುಕಿ ಮುದುಡುತ್ತವೆ, ಹಿಮ್ಮಡಿಯ ಕೆಳಗಿನ ಮರಳು ಮೆಲ್ಲಗೆ ಸರಿಯುತ್ತದೆ, ಕಣಕಾಲು ನಡುಗುತ್ತದೆ. ಇಷ್ಟಾದರೂ ಗಲ್ಲ ಮಾತ್ರ ಎಡಕ್ಕೆ ತುಸು ಎತ್ತಿಯೇ ಇತ್ತು. ಶಿಕ್ಷಕಿ ಹತ್ತಿರ ಬಂದು ನಾನು ನೋಡುತ್ತಿದ್ದ ದಿಕ್ಕಿಗೆ ನೋಡಿದರು.

“ಅಲ್ಲಿ ಯಾರಿದ್ದಾರೆ?”

ಯಾರೂ ಇರಲಿಲ್ಲ. ನಾನು ಯಾವಾಗಲೂ ಟ್ರೈಪಾಡ್ ನಿಲ್ಲಿಸುವ ಜಾಗ ಅದು.

ಧ್ಯಾನದ ಬಗ್ಗೆ ಹೇಳುವುದು ಕಷ್ಟ, ತೋರಿಸುವುದು ಇನ್ನೂ ಕಷ್ಟ. ಗಾಳಿ ನಿಂತ ಹೊತ್ತಿನಲ್ಲಿ ಎಲೆಯಿಲ್ಲ, ಹಕ್ಕಿಯಿಲ್ಲ, ದೂರದ ವಾಹನವೂ ಇಲ್ಲ. ಆಗ ಕಿವಿಯೊಳಗೆ ಸಣ್ಣ ಶಿಳ್ಳೆಯೊಂದು ಶುರುವಾಯಿತು. ಗಾಬರಿಯಾಗಿ ವೈದ್ಯರ ನೆನಪಾಯಿತು, ಆಮೇಲೆ ಜಾನ್ ಕೇಜ್ ನೆನಪಾದರು. ಆ ಅಮೆರಿಕನ್ ಸಂಗೀತಗಾರ 1951ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸದ್ದು ಹೀರುವ ಕೋಣೆಯೊಳಗೆ ಹೋಗಿ, ಪೂರ್ಣ ಮೌನ ಸಿಗುತ್ತದೆಂದು ಕಾದಿದ್ದರು. ಅವರಿಗೂ ಎರಡು ಸದ್ದು ಕೇಳಿಸಿತ್ತು, ಒಂದು ಏರು ಸ್ವರ, ಇನ್ನೊಂದು ತಗ್ಗು ಸ್ವರ. ತಗ್ಗು ಸ್ವರ ನಿಮ್ಮದೇ ರಕ್ತ ಹರಿಯುವ ಸದ್ದು ಎಂದು ಅಲ್ಲಿನ ಎಂಜಿನಿಯರ್ ಹೇಳಿದರಂತೆ. ದೊಡ್ಡವರಿಗೂ ಹೀಗಾಗಿತ್ತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಎರಡನೇ ಬೆಳಿಗ್ಗೆ ಉಸಿರಿನ ಮೇಲೆ ಗಮನವಿಡಬೇಕಿದ್ದ ನಾನು ಇಟ್ಟದ್ದು ಒಂದು ಕಪ್ಪು ಜೀರುಂಡೆಯ ಮೇಲೆ. ಉದ್ದಿನ ಕಾಳಿಗಿಂತ ತುಸು ದೊಡ್ಡದು. ಅದು ನಡೆದಲ್ಲೆಲ್ಲ ಬಟ್ಟೆಗೆ ಕೈಯಲ್ಲಿ ಹಾಕಿದ ಎರಡು ಸಾಲು ಹೊಲಿಗೆಯಂಥ ಗುರುತು. ಗಾಳಿ ಎಬ್ಬಿಸಿದ ಬೆರಳೆತ್ತರದ ಮರಳಿನ ಅಲೆಯೊಂದು ಎದುರಾಯಿತು. ಹತ್ತಿತು, ಜಾರಿತು, ಮತ್ತೆ ಹತ್ತಿತು. ನಾಲ್ಕನೇ ಬಾರಿಗೆ ದಾಟಿ, ನನ್ನ ಮೊಣಕಾಲನ್ನೂ ಹಾಗೆಯೇ ಒಂದು ಅಲೆಯೆಂದು ತಿಳಿದು ಹತ್ತತೊಡಗಿತು. ಗಂಟೆ ಬಾರಿಸಿದಾಗ ನಲವತ್ತು ನಿಮಿಷ ಕಳೆದಿತ್ತು. ಮನೆಯಲ್ಲಿ ನಾನು ಹತ್ತು ನಿಮಿಷ ಕುಳಿತದ್ದಿಲ್ಲ.

ಮೆಚ್ಚದ ಸಂಗತಿಯೂ ಇದೆ. ಮೂರನೇ ದಿನ ಮಧ್ಯಾಹ್ನದ ಉಪನ್ಯಾಸದಲ್ಲಿ, ಬಿಸಿ ಮರಳು ದೇಹದ ವಿಷವನ್ನೆಲ್ಲ ಹೀರಿಕೊಳ್ಳುತ್ತದೆ ಎಂದರು. ಆ ಕೆಲಸವನ್ನು ಯಕೃತ್ತು, ಮೂತ್ರಪಿಂಡಗಳು ಸಂಬಳವಿಲ್ಲದೆ ಮಾಡುತ್ತಿವೆ. ಬೆವರಿನಲ್ಲಿ ಹೋಗುವುದು ಬಹುಪಾಲು ನೀರು ಮತ್ತು ಉಪ್ಪು. ಅದೇ ಸಂಜೆ ನನಗೆ ತಲೆ ಸಿಡಿಯತೊಡಗಿತು. “ಹಳೆಯ ದುಃಖ ಹೊರಗೆ ಬರುತ್ತಿದೆ, ತಡೆಯಬೇಡಿ” ಎಂದರು ಪಕ್ಕದವರು. ಇಂಥ ಕಡೆ ಬೆವರು ಹರಿಯುವ ಮೊದಲೇ ಆರಿಹೋಗುತ್ತದೆ, ಮೈ ಒಣಗಿಯೇ ಇರುತ್ತದೆ, ಎಷ್ಟು ನೀರು ಕಳೆದುಕೊಂಡೆವೆಂದು ಗೊತ್ತೇ ಆಗುವುದಿಲ್ಲ. ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಎರಡು ಲೋಟ ನಿಧಾನವಾಗಿ ಕುಡಿದೆ. ಹಳೆಯ ದುಃಖ ಮುಕ್ಕಾಲು ಗಂಟೆಯಲ್ಲಿ ಇಳಿಯಿತು.

ಚಿತ್ರ ಬಿಡಿಸುವ ತರಗತಿ ಇಷ್ಟವಾಯಿತು. ಕುಳಿತಲ್ಲೇ ಕೈ ಚಾಚಿ ಸುತ್ತಲೂ ಒಂದು ವೃತ್ತ ಎಳೆದು, ಅದರೊಳಗೆ ಬೆರಳಿಗೆ ತೋಚಿದ್ದನ್ನು ಬಿಡಿಸಬೇಕು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿನಲ್ಲಿ, 1918–19ರ ಸುಮಾರಿಗೆ, ಮನೋವೈದ್ಯ ಕಾರ್ಲ್ ಯೂಂಗ್ ಸ್ವಿಟ್ಜರ್ಲೆಂಡಿನ ಸೇನಾ ಶಿಬಿರವೊಂದರಲ್ಲಿ ಪ್ರತಿ ಬೆಳಿಗ್ಗೆ ಪುಸ್ತಕದಲ್ಲಿ ಇಂಥದ್ದೊಂದು ಪುಟ್ಟ ವೃತ್ತಚಿತ್ರ ಬರೆಯುತ್ತಿದ್ದರು. ಅಂದಂದಿನ ಮನಸ್ಸಿನ ಸ್ಥಿತಿ ಅದರಲ್ಲಿ ಕಾಣುತ್ತದೆಂದು ಅವರ ಅನುಭವ. ಹಾಗಿದ್ದರೆ ನನ್ನ ಸ್ಥಿತಿ ಕೇಳಿ: ಮೊದಲ ದಿನ ನಾನು ವೃತ್ತದ ತುಂಬ ಬರೆದದ್ದು ಈ ಚಾನೆಲ್‌ನ ಹೆಸರು. ಅಕ್ಷರಗಳ ಅಂಚಿಗೆ ನೆರಳು ಕೂಡ ಕೊಟ್ಟಿದ್ದೆ. ಮಧ್ಯಾಹ್ನದ ಗಾಳಿ ಎಲ್ಲವನ್ನೂ ಅಳಿಸಿತು. ಇಲ್ಲಿ ನಶ್ವರತೆಯ ಬಗ್ಗೆ ಒಂದು ಮಾತು ಬರಬೇಕು, ಶಿಬಿರದಲ್ಲಿ ದಿನಕ್ಕೆ ಮೂರು ಬಾರಿ ಕೇಳಿದ್ದೇನೆ, ಬಿಟ್ಟುಬಿಡೋಣ.

ಇನ್ನು ನೃತ್ಯ. ನಾಲ್ಕನೇ ರಾತ್ರಿ, ದೀಪವಿಲ್ಲ, ಬರೀ ನಕ್ಷತ್ರ. ಅದೂ ಸಾಲದೆಂದು ಕಣ್ಣಿಗೆ ಬಟ್ಟೆ. ಅಮೆರಿಕದ ನರ್ತಕಿ ಗೇಬ್ರಿಯಲ್ ರಾತ್ 1970ರ ದಶಕದಲ್ಲಿ ರೂಪಿಸಿದ ಪದ್ಧತಿ, ಐದು ಲಯಗಳು ಒಂದರ ಹಿಂದೊಂದು ಬರುತ್ತವೆ: ಹರಿಯುವುದು, ಕಡಿದು ಕಡಿದು ಕುಣಿಯುವುದು, ಅಂಕೆ ತಪ್ಪುವುದು, ಹಗುರವಾಗುವುದು, ಕೊನೆಗೆ ನಿಶ್ಚಲತೆ. ಹೆಜ್ಜೆ ಕಲಿಸುವವರಿಲ್ಲ. ಮರಳಿನ ಮೇಲೆ ಕುಣಿಯುವುದೆಂದರೆ ಸೊಗಸನ್ನು ಮೊದಲೇ ಮರೆತುಬಿಡಬೇಕು. ಸಡಿಲ ಮರಳಿನಲ್ಲಿ ಸುಮ್ಮನೆ ನಡೆಯಲಿಕ್ಕೇ ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು, ಕಾಲು ಒತ್ತಿದ್ದರಲ್ಲಿ ಒಂದು ದೊಡ್ಡ ಪಾಲು ಮರಳನ್ನು ಸರಿಸುವುದಕ್ಕೇ ಖರ್ಚಾಗುತ್ತದೆ. ಮೊದಲ ಎರಡು ಲಯಕ್ಕೆ ನಾನು ಕುಣಿದದ್ದು ಗೊತ್ತಿದ್ದ ಹೆಜ್ಜೆಗಳನ್ನೇ, ಯಾರೋ ನೋಡುತ್ತಿದ್ದಾರೆಂಬಂತೆ. ಮೂರನೆಯದರಲ್ಲಿ ಮೀನಖಂಡ ಸೋತಿತು. ಯಾರದೋ ಭುಜ ತಗುಲಿತು, ಯಾರದೋ ಪಾದ ತುಳಿದೆ, ಅವರು ನಕ್ಕರು, ನಾನೂ ನಕ್ಕೆ. ಆಮೇಲೆ ಎಷ್ಟು ಹೊತ್ತೋ ತಿಳಿಯದು, ಬಾಯಿಯಲ್ಲಿ ಕರಕರ ಎಂದಿತು. ಮರಳು. ನನ್ನ ನಾಲಿಗೆ ಹೊರಗಿತ್ತು.

ಚಿಕ್ಕಂದಿನಲ್ಲಿ ಮೈಮರೆತು ಏನಾದರೂ ಮಾಡುವಾಗ ನಾಲಿಗೆ ತುಟಿಯ ಮೂಲೆಗೆ ಬರುತ್ತಿತ್ತು. ಈ ಚಾನೆಲ್‌ನ ಮೊದಲ ವಿಡಿಯೊಗಳಲ್ಲೂ ಇತ್ತು. ಕೆಳಗೆ ಕಾಮೆಂಟಿನಲ್ಲಿ ಯಾರೋ ಆಡಿಕೊಂಡರು, ನಾನೂ ನೋಡಿ ನಾಚಿಕೊಂಡೆ, ಆ ವಿಡಿಯೊಗಳನ್ನು ತೆಗೆದುಹಾಕಿದೆ, ಹಟ ಹಿಡಿದು ಆ ಅಭ್ಯಾಸ ಬಿಟ್ಟೆ. ಬಿಟ್ಟಿದ್ದೇನೆ ಎಂದುಕೊಂಡಿದ್ದೆ.

ಕೊನೆಯ ದಿನ ಚೀಲ ವಾಪಸು ಬಂತು. ಕ್ಯಾಮೆರಾದ ಬ್ಯಾಟರಿ ಸತ್ತಿತ್ತು. ಹಾಗಾಗಿ ಮುಂದಿನ ದೃಶ್ಯ ನನ್ನದಲ್ಲ, ಡೇರೆಯ ಜೊತೆಗಾತಿ ತನ್ನ ಮೊಬೈಲಿನಲ್ಲಿ ನನಗೆ ತಿಳಿಯದಂತೆ ತೆಗೆದದ್ದು. ಹೊರಡುವ ಮುನ್ನ ಚಾಪೆಯ ಮರಳು ಕೊಡವುತ್ತಿದ್ದೇನೆ. ಬೆಳಕು ಹಿಂದಿನಿಂದ ಬಿದ್ದಿದೆ, ಗಾಳಿಯ ಸದ್ದು ತುಂಬಿಕೊಂಡಿದೆ, ಹನ್ನೊಂದು ಸೆಕೆಂಡಿದೆ. ಸಂಕಲನದಲ್ಲಿ ಏನನ್ನೂ ಕತ್ತರಿಸಿಲ್ಲ.

ನಾಲಿಗೆ ನೋಡಿ.